ಜರ್ಮನಿಗೆ ಓದೋಕೆ ಹೊರಟಿದ್ದೇನೆ, ಬೆಕ್ಕೂ ಬರಬೇಕು. ಬಾಡಿಗೆ ಮನೆ ಸಿಗುತ್ತದಾ?

ಮಾಳಮಡ್ಡಿ ಹುಡುಗಿ · ಭಾನುವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ಕೆಮ್ನಿಟ್ಸ್‌ನಲ್ಲಿ ಎಂ.ಎಸ್. ಸೀಟು ಸಿಕ್ಕಿದೆ. ಅಕ್ಟೋಬರ್‌ನಲ್ಲಿ ಕ್ಲಾಸು ಶುರು, ಸೆಪ್ಟೆಂಬರ್ ಕೊನೆಗೆ ಹೊರಡಬೇಕು. ವೀಸಾ, ಬ್ಲಾಕ್ಡ್ ಅಕೌಂಟ್ (ಖರ್ಚಿನ ದುಡ್ಡು ಮೊದಲೇ ಇಟ್ಟು ತಿಂಗಳಿಗೆ ಇಷ್ಟು ಅಂತ ತೆಗೆಯುವ ಖಾತೆ), ಭಾಷೆ ಇವುಗಳ ಬಗ್ಗೆ ಹೇಳಿಕೊಡುವವರು ಬೇಕಾದಷ್ಟು ಜನ ಇದ್ದಾರೆ. ನನ್ನ ಈ ಪ್ರಶ್ನೆ ಕೇಳಿದರೆ ಮಾತ್ರ ಎಲ್ಲರೂ ನಗುತ್ತಾರೆ.

ನಮ್ಮ ಮನೆಯಲ್ಲಿ ಸುಬ್ಬಿ ಅಂತ ಒಂದು ಬೆಕ್ಕಿದೆ. ನಾಲ್ಕು ವರ್ಷದ್ದು, ಹೆಣ್ಣು, ಆಪರೇಷನ್ ಆಗಿದೆ. ಜಾತಿ ಬೆಕ್ಕೇನಲ್ಲ, ಮಳೆಗಾಲದಲ್ಲಿ ಹಿತ್ತಲಿಗೆ ಬಂದು ಸೇರಿಕೊಂಡ ಊರ ಬೆಕ್ಕು. ಅಪ್ಪನಿಗೆ ಕಲಬುರಗಿಗೆ ವರ್ಗ ಆಗಿದೆ. ಡಿಸೆಂಬರ್ ಹೊತ್ತಿಗೆ ಧಾರವಾಡದ ಮನೆ ಬಿಡುತ್ತಾರೆ. ಅವ್ವನಿಗೆ ಉಬ್ಬಸ ಇದೆ, ನಾನಿಲ್ಲದಾಗ ಬೆಕ್ಕಿನ ಕೂದಲು ಗುಡಿಸಿಕೊಂಡು ಇರೋಕೆ ಅವಳಿಂದ ಆಗೋದಿಲ್ಲ. ಹೀಗಾಗಿ ಸುಬ್ಬಿಯನ್ನು ನಾನೇ ಕರೆದುಕೊಂಡು ಹೋಗಬೇಕು ಅಂತ ಇದ್ದೇನೆ.

ಅಲ್ಲಿ ಬೆಕ್ಕು ಇರುವ ವಿದ್ಯಾರ್ಥಿಗೆ ಮನೆ ಕೊಡ್ತಾರಾ? ಮಾಲೀಕರಿಗೆ ಮೊದಲೇ ಹೇಳಬೇಕಾ, ಮನೆ ಸಿಕ್ಕ ಮೇಲೆ ಹೇಳಬೇಕಾ? ಡಿಪಾಜಿಟ್ ಜಾಸ್ತಿ ಕೇಳ್ತಾರಾ? ರೇಬೀಸ್ ಇಂಜೆಕ್ಷನ್ ಹೋದ ವರ್ಷವೇ ಹಾಕಿಸಿದ್ದೇವೆ, ಪುಸ್ತಕವೂ ಇದೆ. ಅಷ್ಟು ಸಾಕಲ್ವಾ?

ಕೇಶ್ವಾಪುರ ಕಾಕಾ · ಭಾನುವಾರ ರಾತ್ರಿ

ತಂಗೀ, ಬೇಜಾರು ಮಾಡ್ಕೋಬೇಡ. ನಾಯಿ ಮನುಷ್ಯರನ್ನು ಹಚ್ಚಿಕೊಳ್ಳುತ್ತದೆ, ಬೆಕ್ಕು ಮನೆಯನ್ನು ಹಚ್ಚಿಕೊಳ್ಳುತ್ತದೆ. ಹೆಂಚಿನ ಮೇಲೆ ಓಡಾಡಿಕೊಂಡು, ಹಿತ್ತಲಲ್ಲಿ ಓತಿಕ್ಯಾತ ಹಿಡಿದುಕೊಂಡು ಇದ್ದ ಪ್ರಾಣಿ ಅದು. ಅದನ್ನು ಒಯ್ದು ಹಿಮ ಬೀಳೋ ಊರಲ್ಲಿ ಒಂದೇ ರೂಮಿನಲ್ಲಿ ಕೂಡಿ ಹಾಕ್ತೀಯಾ? ಇಲ್ಲೇ ಬೆಕ್ಕು ಸಾಕುವ ಯಾರದಾದರೂ ಮನೆ ನೋಡು. ನೀನು ಓದೋಕೆ ಹೋಗ್ತಿದ್ದೀಯ, ಸಂಸಾರ ಹೂಡೋಕೆ ಅಲ್ಲ.

ಸಪ್ತಾಪುರ ರೂಮ್ ನಂಬರ್ 6 · ಭಾನುವಾರ ರಾತ್ರಿ

ಅಲ್ಲಾ, ಇಲ್ಲಿ ಸಪ್ತಾಪುರದಲ್ಲಿ ಕೋಚಿಂಗ್‌ಗೆ ಬಂದ ಹುಡುಗರಿಗೆ ರೂಮ್ ಕೊಡೋಕೇ ಊರು ಯಾವುದು, ತತ್ತಿ ತಿಂತೀರೇನು, ಗೆಳೆಯರು ಬರ್ತಾರೇನು ಅಂತ ನೂರೆಂಟು ಕೇಳ್ತಾರೆ. ಅಲ್ಲಿ ಬೆಕ್ಕಿಗೂ ಇಂಟರ್‌ವ್ಯೂ ಇರ್ತದೇನೋ. ಅಕ್ಕಾ, ಸುಮ್ನೆ ಹೇಳದೆ ಇಟ್ಕೊಳ್ಳಿ. ಬೆಕ್ಕು ಬೊಗಳೋದಿಲ್ಲವಲ್ಲ.

ಗದಗಿನ ಪಶುವೈದ್ಯ · ಸೋಮವಾರ ಬೆಳಿಗ್ಗೆ

ಮನೆ ವಿಷಯ ಆಮೇಲೆ. ಮೊದಲು ಕ್ಯಾಲೆಂಡರ್ ತೆಗೆಯಿರಿ. ಜೂನ್ ಅರ್ಧ ಮುಗಿದಿದೆ. ಸೆಪ್ಟೆಂಬರ್‌ನಲ್ಲಿ ಸುಬ್ಬಿ ನಿಮ್ಮ ಜೊತೆ ಬರೋದು ಸಾಧ್ಯವೇ ಇಲ್ಲ.

ರೇಬೀಸ್ ಹತೋಟಿಯಲ್ಲಿದೆ ಅಂತ ಯುರೋಪಿಯನ್ ಒಕ್ಕೂಟ ಒಪ್ಪಿರುವ ದೇಶಗಳ ಪಟ್ಟಿಯಲ್ಲಿ ಭಾರತ ಇಲ್ಲ. ಹೀಗಾಗಿ ನಮ್ಮ ಕಡೆಯಿಂದ ಹೋಗುವ ಬೆಕ್ಕು, ನಾಯಿಗಳಿಗೆ ನಿಯಮ ಬಿಗಿ. ಮೊದಲು ಮೈಕ್ರೋಚಿಪ್ ಹಾಕಿಸಬೇಕು. ಅಕ್ಕಿ ಕಾಳಿನಷ್ಟು ಇರುತ್ತದೆ, ದಪ್ಪ ಸೂಜಿಯಲ್ಲಿ ಚರ್ಮದ ಕೆಳಗೆ ಹಾಕುತ್ತೇವೆ. ಐಎಸ್ಒ ಗುಣಮಟ್ಟದ, 15 ಅಂಕಿಯ ಚಿಪ್ಪೇ ಆಗಬೇಕು. ಚಿಪ್ ಹಾಕಿದ ಮೇಲೆ ರೇಬೀಸ್ ಲಸಿಕೆ. ಎರಡೂ ಒಂದೇ ದಿನ ಆದರೆ ನಡೆಯುತ್ತದೆ, ಆದರೆ ಚಿಪ್ಪೇ ಮೊದಲು. ನೀವು ಹೋದ ವರ್ಷ ಹಾಕಿಸಿದ ಇಂಜೆಕ್ಷನ್ ಚಿಪ್ ಇಲ್ಲದೆ ಹಾಕಿಸಿದ್ದು. ಬೆಕ್ಕಿಗೆ ಅದರಿಂದ ರಕ್ಷಣೆ ಇದೆ, ಕಾಗದದ ಲೆಕ್ಕಕ್ಕೆ ಮಾತ್ರ ಬರೋದಿಲ್ಲ. ಪುಸ್ತಕ ಒಂದು ಬೆಕ್ಕಿನದು, ಎದುರಿಗಿರುವ ಬೆಕ್ಕು ಇನ್ನೊಂದು ಅಂತ ಯಾರಾದರೂ ಹೇಳಿದರೆ ನಿಮ್ಮ ಹತ್ತಿರ ಪುರಾವೆ ಇರೋದಿಲ್ಲ, ಅಲ್ವಾ?

ಲಸಿಕೆ ಹಾಕಿ ಕನಿಷ್ಠ 30 ದಿನ ಆದ ಮೇಲೆ ರಕ್ತ ತೆಗೆಯಬೇಕು. ಅದರಿಂದ ಸೀರಂ ಬೇರೆ ಮಾಡಿ, ಯುರೋಪಿಯನ್ ಒಕ್ಕೂಟ ಒಪ್ಪಿರುವ ಲ್ಯಾಬಿಗೇ ಕಳಿಸಬೇಕು. ರೇಬೀಸ್ ಪ್ರತಿಕಾಯದ ಮಟ್ಟ ಮಿಲಿ ಲೀಟರ್‌ಗೆ 0.5 ಇಂಟರ್‌ನ್ಯಾಷನಲ್ ಯೂನಿಟ್ ಅಥವಾ ಅದಕ್ಕಿಂತ ಜಾಸ್ತಿ ಬರಬೇಕು. ಬಂದ ಮೇಲೂ ಕಾಯಬೇಕು. ರಕ್ತ ತೆಗೆದ ದಿನದಿಂದ ಮೂರು ತಿಂಗಳು ಆಗುವವರೆಗೆ ಬೆಕ್ಕು ಯುರೋಪಿಗೆ ಕಾಲಿಡುವ ಹಾಗಿಲ್ಲ. ರಿಪೋರ್ಟ್ ಬಂದ ದಿನದಿಂದ ಅಂತ ಕೆಲವರು ಲೆಕ್ಕ ಹಾಕ್ತಾರೆ, ಅದು ತಪ್ಪು.

ಈ ವಾರ ಚಿಪ್ ಮತ್ತು ಲಸಿಕೆ ಆದರೆ ಜುಲೈ ಕೊನೆಗೆ ರಕ್ತ, ಅಕ್ಟೋಬರ್ ಕೊನೆಗೆ ದಾರಿ ತೆರವು. ಅಷ್ಟೊತ್ತಿಗೆ ನೀವು ಅಲ್ಲಿ ಕ್ಲಾಸಿನಲ್ಲಿ ಕೂತಿರ್ತೀರಿ.

ಹಾಗಾದರೆ ಆಮೇಲೆ ಯಾರ ಜೊತೆಗಾದರೂ ಕಳಿಸಿದರಾಯಿತು ಅಂದುಕೊಳ್ಳಬೇಡಿ. ಮನೆಯ ಸಾಕುಪ್ರಾಣಿ ಅಂತ ಲೆಕ್ಕ ಆಗಬೇಕಾದರೆ ಬೆಕ್ಕು ಹೋಗೋದಕ್ಕೂ ಮಾಲೀಕರು ಹೋಗೋದಕ್ಕೂ ನಡುವೆ ಐದು ದಿನಕ್ಕಿಂತ ಜಾಸ್ತಿ ಅಂತರ ಇರಬಾರದು. ಮೀರಿದರೆ ವ್ಯಾಪಾರದ ಸಾಗಣೆಯ ನಿಯಮ ಬೀಳುತ್ತದೆ, ಅದರ ಖರ್ಚೇ ಬೇರೆ. ಮೊದಲ ಸೆಮಿಸ್ಟರ್ ಮುಗಿಸಿ ರಜೆಗೆ ಬನ್ನಿ, ವಾಪಸ್ ಹೋಗುವಾಗ ನೀವೇ ಕರೆದುಕೊಂಡು ಹೋಗಿ. ಸರಿಯಾಗಿ ಬಂದ ಟೈಟರ್ ರಿಪೋರ್ಟ್, ಅಂದರೆ ಈ ರಕ್ತ ಪರೀಕ್ಷೆಯ ರಿಪೋರ್ಟ್, ಹಳತಾಗೋದಿಲ್ಲ. ಒಂದೇ ಶರತ್ತು, ಮುಂದಿನ ಬೂಸ್ಟರ್ ಹಿಂದಿನ ಲಸಿಕೆಯ ಅವಧಿ ಮುಗಿಯುವ ಮೊದಲೇ ಆಗಿರಬೇಕು. ಒಂದು ದಿನ ತಪ್ಪಿದರೂ ಎಲ್ಲ ಮೊದಲಿಂದ ಶುರು.

ಮಾಳಮಡ್ಡಿ ಹುಡುಗಿ · ಸೋಮವಾರ ಬೆಳಿಗ್ಗೆ

ಡಾಕ್ಟರ್ರೇ, ತಲೆ ತಿರುಗಿತು. ಇದನ್ನು ಇಲ್ಲಿಯವರೆಗೆ ಒಬ್ಬರೂ ಹೇಳಿರಲಿಲ್ಲ. ಏಜೆಂಟ್ ಒಬ್ಬರನ್ನು ಕೇಳಿದಾಗ "ಎಲ್ಲಾ ಮಾಡಿಕೊಡ್ತೀವಿ ಮೇಡಂ, ಹದಿನೈದು ದಿನ ಸಾಕು" ಅಂದಿದ್ದರು!

ಅಕ್ಟೋಬರ್‌ನಿಂದ ಫೆಬ್ರವರಿವರೆಗೆ ಗದಗಿನಲ್ಲಿ ಮಾವಶಿ ಮನೆಯಲ್ಲಿ ಬಿಡಬಹುದು. ಅವರ ಮನೆಯಲ್ಲಿ ಮೊದಲು ಬೆಕ್ಕು ಇತ್ತು, ಅಂಗಳವೂ ಇದೆ.

ಉಣಕಲ್ ಕೆರೆ ದಂಡೆ · ಸೋಮವಾರ ಮಧ್ಯಾಹ್ನ

ಡಾಕ್ಟರು ಹೇಳಿದ್ದರಿಂದ ನಿಮ್ಮ ಮನೆ ಹುಡುಕಾಟ ಅರ್ಧ ಹಗುರ ಆಯಿತು, ಗಮನಿಸಿದಿರಾ? ನಾನು ಜರ್ಮನಿಗೆ ಬಂದು ಮೂರನೇ ವರ್ಷ. ನನ್ನ ಫ್ಲಾಟ್‌ಮೇಟ್ ಹತ್ತಿರ ಬೆಕ್ಕಿದೆ, ಅದು ಮಲಗೋದು ಮಾತ್ರ ನನ್ನ ಲ್ಯಾಪ್‌ಟಾಪ್ ಮೇಲೆ.

ಹೊಸದಾಗಿ ಬಂದವರಿಗೆ ಇಲ್ಲಿ ಮನೆ ಸಿಗೋದು ಯಾಕೆ ಕಷ್ಟ ಅಂದರೆ ತೋರಿಸೋಕೆ ಕೈಯಲ್ಲಿ ಏನೂ ಇರೋದಿಲ್ಲ. ಮಾಲೀಕರು ಶೂಫಾ ಅಂತ ಒಂದು ಸಾಲದ ದಾಖಲೆ ಕೇಳ್ತಾರೆ, ನಮ್ಮ ಸಿಬಿಲ್ ತರಹದ್ದು. ಮೂರು ತಿಂಗಳ ಸಂಬಳದ ಚೀಟಿ ಕೇಳ್ತಾರೆ. ಹಿಂದಿನ ಮನೆಯವರಿಂದ ಬಾಡಿಗೆ ಬಾಕಿ ಇಲ್ಲ ಅಂತ ಕಾಗದ ಕೇಳ್ತಾರೆ. ಧಾರವಾಡದಿಂದ ಬಂದವರ ಹತ್ತಿರ ಇದು ಯಾವುದೂ ಇರೋದಿಲ್ಲ. ಅದರ ಮೇಲೆ ಬೆಕ್ಕು ಬೇರೆ ಇದ್ದರೆ ಅರ್ಜಿ ಓದೋದೇ ಇಲ್ಲ.

ನಿಮಗೆ ಈಗ ಒಂದು ಸೆಮಿಸ್ಟರ್ ಟೈಮ್ ಸಿಕ್ಕಿದೆ. ಮೊದಲ ಆರು ತಿಂಗಳು ಯೂನಿವರ್ಸಿಟಿ ಊರಿನ ವಿದ್ಯಾರ್ಥಿ ಹಾಸ್ಟೆಲ್ ಹಿಡಿಯಿರಿ. ಅಲ್ಲಿ ಸಾಮಾನ್ಯವಾಗಿ ಬೆಕ್ಕಿಗೆ ಪ್ರವೇಶ ಇಲ್ಲ, ಆದರೆ ಸುಬ್ಬಿ ಗದಗಿನಲ್ಲಿ ಇರುವಾಗ ಆ ಚಿಂತೆ ಯಾಕೆ? ಅಷ್ಟರಲ್ಲಿ ಬ್ಯಾಂಕ್ ಖಾತೆ ಆಗುತ್ತದೆ. ವಿಳಾಸ ನೋಂದಣಿ ಆಗುತ್ತದೆ. ಇದನ್ನು ಮನೆಗೆ ಹೋದ ಎರಡು ವಾರದೊಳಗೆ ಮಾಡಿಸಬೇಕು, ಅದಕ್ಕೆ ಮಾಲೀಕರ ಸಹಿಯ ಚೀಟಿ ಬೇಕು. ಸಾಧ್ಯ ಆದರೆ ಸಣ್ಣ ಪಾರ್ಟ್‌ಟೈಮ್ ಕೆಲಸ. ಆಮೇಲೆ ಬೆಕ್ಕಿನ ಮನೆ ಹುಡುಕೋದು. ಹಾಸ್ಟೆಲ್ ಕರಾರು ಯಾವಾಗ ಮುಗಿಸಬಹುದು, ಎಷ್ಟು ಮುಂಚೆ ನೋಟೀಸ್ ಕೊಡಬೇಕು ಅನ್ನೋದನ್ನು ಮಾತ್ರ ಸಹಿ ಹಾಕುವ ಮೊದಲೇ ಓದಿಕೊಳ್ಳಿ. ಇಲ್ಲದಿದ್ದರೆ ಎರಡು ಕಡೆ ಬಾಡಿಗೆ ಕಟ್ಟಬೇಕಾಗುತ್ತದೆ.

ಊರಿನ ವಿಷಯದಲ್ಲಿ ನೀವು ಅದೃಷ್ಟವಂತರು. ಮ್ಯೂನಿಕ್ ಆಗಿದ್ದರೆ ಬೆಕ್ಕನ್ನು ಬಿಟ್ಟೇ ಬನ್ನಿ ಅಂತಿದ್ದೆ. ಅಲ್ಲಿ ಒಂದು ಖಾಲಿ ರೂಮಿಗೆ ಜನ ಸಾಲುಗಟ್ಟಿ ನಿಂತಿರ್ತಾರೆ. ಕೆಮ್ನಿಟ್ಸ್‌ನಲ್ಲಿ ಖಾಲಿ ಮನೆ ಜಾಸ್ತಿ, ಬಾಡಿಗೆ ಕಡಿಮೆ. ಖಾಲಿ ಮನೆ ಇಟ್ಟುಕೊಂಡ ಮಾಲೀಕರು ಬೆಕ್ಕಿಗೆ ಅಷ್ಟು ಸುಲಭಕ್ಕೆ ಬೇಡ ಅನ್ನೋದಿಲ್ಲ.

ಮಾಳಮಡ್ಡಿ ಹುಡುಗಿ · ಸೋಮವಾರ ಮಧ್ಯಾಹ್ನ

ಅಣ್ಣಾ, ಎಲ್ಲೋ ಓದಿದೆ, ಜರ್ಮನಿಯಲ್ಲಿ ಬೆಕ್ಕು ಬೇಡ ಅಂತ ಕರಾರಿನಲ್ಲಿ ಬರೆದರೂ ಅದು ನಡೆಯೋದಿಲ್ಲವಂತೆ. ನಿಜಾನಾ? ಹಾಗಿದ್ದರೆ ಹೇಳದೇ ಇದ್ದರೂ ಆಯಿತಲ್ಲ?

ಉಣಕಲ್ ಕೆರೆ ದಂಡೆ · ಸೋಮವಾರ ಸಂಜೆ

ಅರ್ಧ ನಿಜ. ಆ ಅರ್ಧವನ್ನೇ ನಂಬಿಕೊಂಡು ಜನ ಜಗಳಕ್ಕೆ ಬೀಳ್ತಾರೆ.

2013ರ ಮಾರ್ಚ್ 20ರಂದು ಜರ್ಮನಿಯ ಫೆಡರಲ್ ನ್ಯಾಯಾಲಯ ಒಂದು ತೀರ್ಪು ಕೊಟ್ಟಿತು. ಅಚ್ಚಾದ ಕರಾರು ಪತ್ರದಲ್ಲಿ ನಾಯಿ, ಬೆಕ್ಕು ಸಾಕಲೇಬಾರದು ಅಂತ ಸಾರಾಸಗಟಾಗಿ ಬರೆದರೆ ಆ ಷರತ್ತು ಊರ್ಜಿತ ಅಲ್ಲ ಅಂತ. ಹಾಗಂತ ಯಾರು ಬೇಕಾದರೂ ಸಾಕಬಹುದು ಅಂತ ಅದು ಹೇಳಲಿಲ್ಲ. ಬಾಡಿಗೆದಾರರು, ಮಾಲೀಕರು, ಅಕ್ಕಪಕ್ಕದವರು, ಎಲ್ಲರ ಹಿತ ತೂಗಿ ಒಂದೊಂದು ಪ್ರಕರಣವನ್ನೂ ಬೇರೆಬೇರೆಯಾಗಿ ನೋಡಬೇಕು ಅಂತ ಹೇಳಿತು. ಹ್ಯಾಮ್‌ಸ್ಟರ್‌ನಂಥ ಪುಟ್ಟ ಪ್ರಾಣಿಗೆ ಅನುಮತಿ ಬೇಕಿಲ್ಲ. ಬೆಕ್ಕು ಆ ಸಾಲಿಗೆ ಸೇರೋದಿಲ್ಲ.

ಮುಖ್ಯ ಮಾತು ಅಂದರೆ ಇದು ಒಳಗೆ ಇರುವವರಿಗೆ ಸಿಕ್ಕ ರಕ್ಷಣೆ. ಹೊರಗೆ ಬಾಗಿಲು ತಟ್ಟುತ್ತಾ ನಿಂತವರಿಗೆ ಇದರಿಂದ ಏನೂ ಉಪಯೋಗ ಇಲ್ಲ. ಮಾಲೀಕರು ಹತ್ತು ಅರ್ಜಿಯಲ್ಲಿ ಬೆಕ್ಕಿಲ್ಲದ ಒಂದನ್ನು ಆರಿಸಿಕೊಂಡರೆ ಯಾವ ಕೋರ್ಟಿಗೆ ಹೋಗ್ತೀರಿ? ತೀರ್ಪು ತೋರಿಸಿ ಮನೆ ಕೇಳಿದರಂತೂ ಮುಗಿದೇ ಹೋಯಿತು. ಜಗಳಗಂಟಿ ಅಂದುಕೊಳ್ತಾರೆ.

ಹೇಳದೇ ಇಡೋದು ಅಂದಿರಲ್ಲ ರೂಮ್ ನಂಬರ್ 6ರವರೇ, ಬೆಕ್ಕು ಬೊಗಳೋದಿಲ್ಲ ನಿಜ. ಆದರೆ ಕಿಟಕಿಯಲ್ಲಿ ಕೂರದ ಬೆಕ್ಕು ಯಾವುದು? ಹೊಗೆ ಅಲಾರಂ ತಪಾಸಣೆಗೆ ಬರ್ತಾರೆ. ಹೀಟರ್ ಮೀಟರ್ ಓದೋಕೆ ಬರ್ತಾರೆ. ಕೆಳಗಿನ ಮನೆಯ ಅಜ್ಜಿಯ ಕಣ್ಣಿಗಂತೂ ಬಿದ್ದೇ ಬೀಳ್ತದೆ. ಗೊತ್ತಾದರೆ ಮಾಲೀಕರು ಎಚ್ಚರಿಕೆಯ ಕಾಗದ ಕಳಿಸಬಹುದು, ಬೆಕ್ಕನ್ನು ಬೇರೆ ಕಡೆ ಬಿಡಿ ಅನ್ನಬಹುದು. ಆಗ ಸೆಮಿಸ್ಟರ್ ನಡುವೆ ಎಲ್ಲಿಗೆ ಬಿಡ್ತೀರಿ? ಅಲ್ಲಿ ಮಾವಶಿ ಇರೋದಿಲ್ಲ.

ರಾಣೆಬೆನ್ನೂರು ಅಕ್ಕ · ಸೋಮವಾರ ರಾತ್ರಿ

ಹೇಳಿಯೇ ಇಟ್ಟುಕೊಳ್ಳಿ ಅಂತ ನಾನೂ ಹೇಳ್ತೇನೆ. ನಾನು ಇಂಗ್ಲೆಂಡ್‌ನಲ್ಲಿ ಇದ್ದೇನೆ. ಇಲ್ಲಿ 2025ರ ಬಾಡಿಗೆದಾರರ ಹಕ್ಕು ಕಾಯ್ದೆಯ ಪ್ರಕಾರ ಬಾಡಿಗೆದಾರರು ಸಾಕುಪ್ರಾಣಿಗೆ ಲಿಖಿತ ಅನುಮತಿ ಕೇಳಬಹುದು. ಸರಿಯಾದ ಕಾರಣ ಇಲ್ಲದೆ ಮಾಲೀಕರು ಬೇಡ ಅನ್ನುವ ಹಾಗಿಲ್ಲ. ಜಾರಿಗೆ ಬರುವ ದಿನ 2026ರ ಮೇ 1. ವಿದ್ಯಾರ್ಥಿಗಳಿಗೆ ಅಂತಲೇ ಕಟ್ಟಿದ ಹಾಸ್ಟೆಲ್‌ಗಳ ಮಾತು ಬೇರೆ. ಕಾಯ್ದೆ ಇದ್ದರೂ ಇಲ್ಲೂ ಅದೇ ಕಥೆ, ಮೊದಲು ಮನೆಯೊಳಗೆ ಕಾಲಿಡಬೇಕು.

ಇಂಗ್ಲೆಂಡ್ ಕಡೆ ಯೋಚಿಸುವವರು ಇನ್ನೊಂದು ತಿಳಿದುಕೊಳ್ಳಿ. ವಿಮಾನದಲ್ಲಿ ಕಾಲ ಹತ್ತಿರ ಬ್ಯಾಗಿನಲ್ಲಿ ಬೆಕ್ಕು ಇಟ್ಟುಕೊಂಡು ಇಲ್ಲಿಗೆ ಇಳಿಯೋಕೆ ಆಗೋದಿಲ್ಲ. ಕಾರ್ಗೋದಲ್ಲೇ ಬರಬೇಕು. ಖರ್ಚು ನೋಡಿದರೆ ಎದೆ ಝಲ್ ಅನ್ನುತ್ತದೆ.

ಹಾನಗಲ್ ಹುಡುಗ · ಸೋಮವಾರ ರಾತ್ರಿ

ಕೆನಡಾ ಸುಲಭ. ಮೂರು ತಿಂಗಳು ದಾಟಿದ ಬೆಕ್ಕಿಗೆ ರೇಬೀಸ್ ಸರ್ಟಿಫಿಕೇಟ್ ಇದ್ದರೆ ಆಯಿತು, ಕ್ವಾರಂಟೈನ್ ಇಲ್ಲ, ಟೈಟರ್ ಇಲ್ಲ. ಒಂಟಾರಿಯೋದಲ್ಲಿ ಬಾಡಿಗೆ ಕರಾರಿನಲ್ಲಿ ಸಾಕುಪ್ರಾಣಿ ಬೇಡ ಅಂತ ಬರೆದರೆ ಆ ಸಾಲಿಗೆ ಬೆಲೆಯೇ ಇಲ್ಲ, ಕಾಯ್ದೆಯಲ್ಲೇ ಇದೆ. ಬೆಕ್ಕಿಗೆ ಅಂತ ಡಿಪಾಜಿಟ್ ತಗೊಳ್ಳುವ ಹಾಗೂ ಇಲ್ಲ. ಅದೇ ಬ್ರಿಟಿಷ್ ಕೊಲಂಬಿಯಾಕ್ಕೆ ಹೋದರೆ ಅರ್ಧ ತಿಂಗಳ ಬಾಡಿಗೆಯವರೆಗೆ ಪ್ರಾಣಿ ಡಿಪಾಜಿಟ್ ತಗೋಬಹುದು. ಒಂದೇ ದೇಶ, ಎರಡು ರಾಜ್ಯ, ಎರಡು ಲೆಕ್ಕ.

ಆಸ್ಟ್ರೇಲಿಯಾ ಅಂತ ಯಾರಾದರೂ ಯೋಚಿಸುತ್ತಿದ್ದರೆ ಬಿಟ್ಟುಬಿಡಿ. ಭಾರತದಿಂದ ನೇರವಾಗಿ ಬೆಕ್ಕು ತಗೊಳ್ಳೋದೇ ಇಲ್ಲ. ಅವರು ಒಪ್ಪುವ ಬೇರೆ ದೇಶದಲ್ಲಿ ಮೊದಲು ಇಟ್ಟು, ಅಲ್ಲಿಂದ ಒಯ್ಯಬೇಕು.

ಮಾಳಮಡ್ಡಿ ಹುಡುಗಿ · ಮಂಗಳವಾರ ಬೆಳಿಗ್ಗೆ

ನನ್ನದು ಜರ್ಮನಿಯೇ, ಫೀ ಕಟ್ಟೋ ಶಕ್ತಿ ಇಲ್ಲದೆ ಆರಿಸಿಕೊಂಡಿದ್ದು. ದುಡ್ಡಿನ ಲೆಕ್ಕ ಸ್ವಲ್ಪ ಹೇಳ್ತೀರಾ? ಬ್ಲಾಕ್ಡ್ ಅಕೌಂಟಿನಿಂದ ತಿಂಗಳಿಗೆ 992 ಯೂರೋ ಬರ್ತದೆ, ವರ್ಷಕ್ಕೆ 11,904 ಇಟ್ಟಿದ್ದೇವೆ. ಅದರಲ್ಲೇ ನಾನೂ ಸುಬ್ಬಿಯೂ ಬದುಕಬೇಕು.

ಉಣಕಲ್ ಕೆರೆ ದಂಡೆ · ಮಂಗಳವಾರ ಮಧ್ಯಾಹ್ನ

ಬಾಡಿಗೆಯಲ್ಲಿ ಎರಡು ಅಂಕಿ ಇರ್ತವೆ. ಬರೀ ಗೋಡೆಯ ಬಾಡಿಗೆ ಒಂದು, ಅದಕ್ಕೆ ಹೀಟಿಂಗ್, ನೀರು, ಕಸ ಎಲ್ಲ ಸೇರಿಸಿದ್ದು ಇನ್ನೊಂದು. ಮೊದಲನೇದಕ್ಕೆ ಕಾಲ್ಟ್ ಅಂತಾರೆ, ಎರಡನೇದಕ್ಕೆ ವಾರ್ಮ್. ಜಾಹೀರಾತಿನಲ್ಲಿ ದಪ್ಪ ಅಕ್ಷರದಲ್ಲಿ ಇರೋದು ಸಾಮಾನ್ಯವಾಗಿ ಕಡಿಮೆ ಅಂಕಿಯೇ. ಕರೆಂಟ್, ಇಂಟರ್ನೆಟ್ ಎರಡರಲ್ಲೂ ಸೇರಿರದೇ ಇರಬಹುದು.

ಡಿಪಾಜಿಟ್ ಮೂರು ತಿಂಗಳ ಕಾಲ್ಟ್ ಬಾಡಿಗೆಗಿಂತ ಜಾಸ್ತಿ ಕೇಳುವ ಹಾಗಿಲ್ಲ. ಬೆಕ್ಕಿದೆ ಅಂತ ಅದರ ಮೇಲೆ ಮತ್ತೆ ಕೇಳೋಕೂ ಬರೋದಿಲ್ಲ. ಇನ್ನೊಂದು ಅನುಕೂಲ ಇದೆ, ಎಷ್ಟೋ ವಿದ್ಯಾರ್ಥಿಗಳಿಗೆ ಗೊತ್ತೇ ಇರೋದಿಲ್ಲ. ಈ ಡಿಪಾಜಿಟ್ ಅನ್ನು ತಿಂಗಳಿಗೊಂದರಂತೆ ಮೂರು ಕಂತಿನಲ್ಲಿ ಕಟ್ಟೋದು ಬಾಡಿಗೆದಾರರ ಹಕ್ಕು. ಮೊದಲ ಕಂತು ಬಾಡಿಗೆ ಶುರುವಾಗುವಾಗ.

ಬಂದ ತಕ್ಷಣ ಹಾಫ್ಟ್‌ಫ್ಲಿಖ್ಟ್ ಅನ್ನುವ ವಿಮೆ ಮಾಡಿಸಿ. ನಮ್ಮಿಂದ ಬೇರೆಯವರಿಗೆ ಆದ ನಷ್ಟ ಕಟ್ಟಿಕೊಡುವ ವಿಮೆ ಅದು. ನಾಯಿಗೆ ಬೇರೆ ಪಾಲಿಸಿ ಬೇಕು, ಬೆಕ್ಕು ಸಾಮಾನ್ಯವಾಗಿ ನಿಮ್ಮದರಲ್ಲೇ ಸೇರುತ್ತದೆ. ಆದರೆ ಬಾಡಿಗೆ ಮನೆಯ ಬಾಗಿಲು ಪರಚಿದ್ದಕ್ಕೆ ದುಡ್ಡು ಕೊಡ್ತಾರೋ ಇಲ್ಲವೋ ಅನ್ನೋದು ಪಾಲಿಸಿಯಿಂದ ಪಾಲಿಸಿಗೆ ಬೇರೆ. ಸಣ್ಣ ಅಕ್ಷರ ಓದಿ. ಈ ವಿಮೆಯ ಕಾಗದವನ್ನು ಮನೆ ಅರ್ಜಿಯ ಜೊತೆ ಇಟ್ಟರೆ ಮಾಲೀಕರಿಗೆ ಧೈರ್ಯ ಬರುತ್ತದೆ.

ಬೆಕ್ಕಿಗೆ ತೆರಿಗೆ ಇಲ್ಲ, ನಾಯಿಗೆ ಇದೆ. ಡಾಕ್ಟರ್ ಖರ್ಚು ಮಾತ್ರ ಜೋರು. ಪಶುವೈದ್ಯರ ಫೀ ಕಾನೂನಿನಲ್ಲೇ ಬರೆದಿರ್ತದೆ, 2022ರ ನವೆಂಬರ್‌ನಲ್ಲಿ ಏರಿಸಿದರು. ರಾತ್ರಿ ಅಥವಾ ಭಾನುವಾರ ಎಮರ್ಜೆನ್ಸಿಗೆ ಹೋದರೆ 50 ಯೂರೋ ತುರ್ತು ಶುಲ್ಕ ಬೇರೆ, ಮೇಲೆ ಚಿಕಿತ್ಸೆಯ ದರವೂ ಕನಿಷ್ಠ ಎರಡು ಪಟ್ಟು. ಹಲ್ಲು ಕೀಳಿಸೋದು, ಸ್ಕ್ಯಾನ್ ಏನಾದರೂ ಇದ್ದರೆ ಧಾರವಾಡದಲ್ಲೇ ಮುಗಿಸಿಕೊಂಡು ಬನ್ನಿ.

ಕೇಶ್ವಾಪುರ ಕಾಕಾ · ಮಂಗಳವಾರ ಸಂಜೆ

ಇಷ್ಟೆಲ್ಲ ಓದಿದ ಮೇಲೂ ಬೆಕ್ಕನ್ನು ಕೇಳಿದವರು ಯಾರೂ ಇಲ್ಲ. ದುಡ್ಡು ಹೊಂದಿಸಬಹುದು, ಕಾಗದ ಹೊಂದಿಸಬಹುದು. ಡಾಕ್ಟರ್ರೇ ನೀವೇ ಹೇಳ್ರಿ, ಹೊರಗೆ ತಿರುಗಾಡೋ ಬೆಕ್ಕು ಒಳಗೆ ಇರ್ತದೇನು?

ಗದಗಿನ ಪಶುವೈದ್ಯ · ಮಂಗಳವಾರ ರಾತ್ರಿ

ಕಾಕಾ ಕೇಳಿದ್ದು ನ್ಯಾಯವಾದ ಪ್ರಶ್ನೆ. ಆಪರೇಷನ್ ಆದ ಬೆಕ್ಕಿಗೆ ತಿರುಗುವ ಚಟ ಕಡಿಮೆ ಇರುತ್ತದೆ. ನಾಲ್ಕು ವರ್ಷ ಅಂದರೆ ಒಗ್ಗಿಕೊಳ್ಳುವ ವಯಸ್ಸೇ. ಒಳಗೇ ಇರುವ ಬೆಕ್ಕಿಗೆ ನೆಲಕ್ಕಿಂತ ಎತ್ತರ ಮುಖ್ಯ. ಕಪಾಟಿನ ತಲೆ ಮೇಲೆ ಹತ್ತಿ ಕೂರೋಕೆ ಜಾಗ, ಹೊರಗೆ ಹಕ್ಕಿ ಕಾಣುವ ಒಂದು ಕಿಟಕಿ, ದಿನಕ್ಕೆ ಎರಡು ಸಲ ಯಾರಾದರೂ ಆಡಿಸಬೇಕು. ಇಷ್ಟಿದ್ದರೆ ಸಣ್ಣ ರೂಮಿನಲ್ಲೂ ಚೆನ್ನಾಗಿ ಇರ್ತವೆ. ಇಲ್ಲಿ ಹೊರಗೆ ಬಿಟ್ಟ ಬೆಕ್ಕುಗಳನ್ನು ನಮ್ಮ ಹತ್ತಿರ ಯಾವ ಸ್ಥಿತಿಯಲ್ಲಿ ತರ್ತಾರೆ ಅಂತ ನೋಡಿದರೆ ಕಾಕಾ ಮಾತು ಬದಲಿಸಬಹುದು. ನಾಯಿ ಕಚ್ಚಿದ್ದು, ಬೈಕ್ ಹಾಯ್ದದ್ದು, ಇಲಿ ಪಾಷಾಣ ತಿಂದ ಇಲಿಯನ್ನು ತಿಂದದ್ದು.

ಆದರೆ ಎಲ್ಲ ಬೆಕ್ಕೂ ಒಂದೇ ಅಲ್ಲ. ಹೊಸ ಮನೆಯಲ್ಲಿ ಮಂಚದ ಕೆಳಗೆ ಸೇರಿಕೊಂಡು ಊಟ ಬಿಡುವ ಬೆಕ್ಕೂ ಇವೆ. ಎರಡು ದಿನ ಏನೂ ತಿನ್ನದೇ ಇದ್ದರೆ ಬೆಕ್ಕಿನ ಲಿವರ್ ಕೆಡೋಕೆ ಶುರುವಾಗುತ್ತದೆ, ಕಾಯಬೇಡಿ. ಮಾವಶಿ ಮನೆಯಲ್ಲಿ ಹೇಗಿರ್ತದೆ ನೋಡಿ, ಅದರಿಂದ ಸುಮಾರು ಗೊತ್ತಾಗುತ್ತದೆ.

ಇನ್ನೊಂದು ಕೆಲಸ ಈಗಿಂದಲೇ ಮಾಡಿ. ಪ್ರಯಾಣದ ಬ್ಯಾಗ್ ತಂದು ಬಾಗಿಲು ತೆರೆದು ಪಡಸಾಲೆಯಲ್ಲಿ ಇಟ್ಟುಬಿಡಿ. ಒಳಗೆ ಅದು ಮಲಗುವ ಹಳೇ ಕೌದಿಯ ತುಂಡು ಹಾಕಿ. ದಿನಾ ಒಂದು ಹೊತ್ತಿನ ಊಟ ಅದರೊಳಗೇ ಕೊಡಿ. ಡಾಕ್ಟರ ಹತ್ತಿರ ಒಯ್ಯುವಾಗ ಮಾತ್ರ ಬ್ಯಾಗ್ ತೆಗೆದರೆ ಅದು ಬ್ಯಾಗ್ ಕಂಡ ಕೂಡಲೇ ಅಟ್ಟ ಹತ್ತುತ್ತದೆ. ವಿಮಾನಕ್ಕೆ ಅಂತ ನಿದ್ದೆ ಔಷಧಿ ಕೊಡಿಸಬೇಡಿ. ಮೇಲೆ ಹೋದಾಗ ರಕ್ತದ ಒತ್ತಡ, ಉಸಿರು ಏರುಪೇರಾದರೆ ನೋಡೋರು ಯಾರೂ ಇರೋದಿಲ್ಲ.

ಮಾಳಮಡ್ಡಿ ಹುಡುಗಿ · ಮಂಗಳವಾರ ರಾತ್ರಿ

ವಿಮಾನದಲ್ಲಿ ನನ್ನ ಹತ್ತಿರವೇ ಇಟ್ಟುಕೊಳ್ಳಬಹುದಾ? ಹುಬ್ಬಳ್ಳಿಯಿಂದ ಬೆಂಗಳೂರಿಗೂ ವಿಮಾನದಲ್ಲೇ ಹೋದರೆ?

ಉಣಕಲ್ ಕೆರೆ ದಂಡೆ · ಬುಧವಾರ ಬೆಳಿಗ್ಗೆ

ಹುಬ್ಬಳ್ಳಿ ವಿಮಾನ ಮರೆತುಬಿಡಿ, ಇಂಡಿಗೋದವರು ಸಾಕುಪ್ರಾಣಿ ಹತ್ತಿಸಿಕೊಳ್ಳೋದಿಲ್ಲ. ರೈಲಿನಲ್ಲಿ ಫಸ್ಟ್ ಎಸಿ ಕೂಪೆ ಪೂರ್ತಿ ನಿಮ್ಮದಾದರೆ ಒಯ್ಯಬಹುದು. ಇಲ್ಲದಿದ್ದರೆ ಕಾರೇ ಗತಿ. ರಾತ್ರಿ ಹೊರಟರೆ ಬಿಸಿಲಿಲ್ಲ, ಟ್ರಾಫಿಕ್ ಇಲ್ಲ, ಬೆಕ್ಕಿಗೂ ನೆಮ್ಮದಿ.

ಬೆಂಗಳೂರಿನಿಂದ ಫ್ರಾಂಕ್‌ಫರ್ಟ್‌ಗೆ ನೇರ ವಿಮಾನ ಇದೆ. ಲುಫ್ತಾನ್ಸಾದಲ್ಲಿ ಬ್ಯಾಗ್ ಸೇರಿ 8 ಕಿಲೋ ಒಳಗಿದ್ದರೆ ಬೆಕ್ಕು ನಿಮ್ಮ ಮುಂದಿನ ಸೀಟಿನ ಕೆಳಗೇ ಬರುತ್ತದೆ. ಒಂದು ವಿಮಾನದಲ್ಲಿ ಇಷ್ಟೇ ಪ್ರಾಣಿ ಅಂತ ಮಿತಿ ಇರ್ತದೆ. ಹೀಗಾಗಿ ಟಿಕೆಟ್ ಮಾಡಿದ ದಿನವೇ ಬೆಕ್ಕಿನ ಹೆಸರೂ ಬರೆಸಿ. ಅಗ್ಗ ಅಂತ ದುಬೈ ಮೇಲೆ ಎಮಿರೇಟ್ಸ್ ಹಿಡಿದರೆ ಕ್ಯಾಬಿನ್‌ನಲ್ಲಿ ಬೆಕ್ಕು ಬಿಡೋದಿಲ್ಲ. ಅವರ ಕ್ಯಾಬಿನ್‌ನಲ್ಲಿ ಕೂತು ಹೋಗುವ ಭಾಗ್ಯ ಇರೋದು ಬೇಟೆ ಗಿಡುಗಕ್ಕೆ, ಅದೂ ಕೆಲವೇ ಮಾರ್ಗದಲ್ಲಿ!

ಸೆಕ್ಯೂರಿಟಿಯಲ್ಲಿ ಬ್ಯಾಗ್ ಮಾತ್ರ ಎಕ್ಸ್‌ರೇ ಒಳಗೆ ಹೋಗುತ್ತದೆ. ಬೆಕ್ಕನ್ನು ಹೊರಗೆ ತೆಗೆದು ಎತ್ತಿಕೊಂಡು ನೀವು ದಾಟಬೇಕು. ಟ್ರೇಗಳ ಸದ್ದು, ಜನ, ಬೀಪ್ ಬೀಪ್. ಅಲ್ಲಿ ಕೈ ಜಾರಿದರೆ ಅಷ್ಟೇ. ಎದೆಗೆ ಕಟ್ಟುವ ಪಟ್ಟಿ ಮನೆಯಿಂದಲೇ ಹಾಕಿಕೊಂಡು ಹೋಗಿ, ಹಗ್ಗ ಕೈಗೆ ಸುತ್ತಿಕೊಳ್ಳಿ.

ಗದಗಿನ ಪಶುವೈದ್ಯ · ಬುಧವಾರ ಬೆಳಿಗ್ಗೆ

ಅದಕ್ಕೂ ಮೊದಲು ಬೆಂಗಳೂರಿನ ಪ್ರಾಣಿ ಕ್ವಾರಂಟೈನ್ ಕಚೇರಿಯ ಕೆಲಸ ಇದೆ. ಕೇಂದ್ರ ಸರ್ಕಾರದ್ದು, ಎಕ್ಯೂಸಿಎಸ್ ಅಂತಾರೆ. ಯುರೋಪಿನ ನಮೂನೆಯ ಆರೋಗ್ಯ ಪ್ರಮಾಣಪತ್ರಕ್ಕೆ ಸರ್ಕಾರಿ ವೈದ್ಯರ ಸಹಿ, ಮೊಹರು ಬೇಕು. ಅದು ಆದ 10 ದಿನದೊಳಗೆ ನೀವು ಯುರೋಪ್ ಮುಟ್ಟಬೇಕು. ಚಿಪ್ ನಂಬರ್ ಲಸಿಕೆ ಪುಸ್ತಕದಲ್ಲಿ, ಲ್ಯಾಬ್ ರಿಪೋರ್ಟಿನಲ್ಲಿ, ಈ ಪತ್ರದಲ್ಲಿ ಮೂರೂ ಕಡೆ ಒಂದೇ ಇರಬೇಕು. 15 ಅಂಕಿಯಲ್ಲಿ ಒಂದು ಹಿಂದೆಮುಂದೆ ಆದರೂ ಅಲ್ಲಿ ತಡೆಯಬಹುದು. ನಾನು ಸ್ಟಿಕರ್ ಅಂಟಿಸಿ ಅಂತಲೇ ಹೇಳ್ತೇನೆ, ಕೈಯಲ್ಲಿ ಬರೆಯೋದು ಬೇಡ. ಫ್ರಾಂಕ್‌ಫರ್ಟ್‌ನಲ್ಲಿ ಇಳಿದ ಮೇಲೆ ಹಸಿರು ಸಾಲಿನಲ್ಲಿ ಹೊರಗೆ ನಡೆದುಬಿಡಬೇಡಿ. ಕೆಂಪು ಸಾಲಿಗೆ ಹೋಗಿ ಕಸ್ಟಮ್ಸ್‌ನವರಿಗೆ ಬೆಕ್ಕು, ಕಾಗದ ಎರಡೂ ತೋರಿಸಿ.

ಮಾಳಮಡ್ಡಿ ಹುಡುಗಿ · ಬುಧವಾರ ಸಂಜೆ

ಎಲ್ಲರಿಗೂ ದೊಡ್ಡ ಥ್ಯಾಂಕ್ಸ್. ನಾಳೆ ಬೆಳಿಗ್ಗೆ ಚಿಪ್ಪಿಗೆ ಅಪಾಯಿಂಟ್‌ಮೆಂಟ್ ತಗೊಂಡಿದ್ದೇನೆ. ಮಾವಶಿಗೂ ಫೋನ್ ಮಾಡಿದೆ. "ಬೆಕ್ಕು ಬರಲಿ, ಅದರ ಜೊತೆ ಅದರ ಕೌದಿನೂ ಬರಲಿ" ಅಂದರು.

ಮಾಲೀಕರಿಗೆ ಬರೆಯೋಕೆ ಹೀಗೊಂದು ಕರಡು ಮಾಡಿದ್ದೇನೆ, ನೋಡಿ ಹೇಳಿ. ಇದನ್ನೇ ಜರ್ಮನ್‌ಗೆ ಹಾಕ್ತೇನೆ:

"ನಾನು ಎಂ.ಎಸ್. ವಿದ್ಯಾರ್ಥಿನಿ. ಬಾಡಿಗೆ ಪ್ರತಿ ತಿಂಗಳು ಬ್ಲಾಕ್ಡ್ ಅಕೌಂಟಿನಿಂದ ಕಟ್ಟುತ್ತೇನೆ. ಸಿಗರೇಟ್ ಸೇದುವುದಿಲ್ಲ. ನನಗೆ ಪ್ರಾಣಿಗಳೆಂದರೆ ಪ್ರಾಣ. ನನ್ನ ಬೆಕ್ಕು ಸುಬ್ಬಿ ತುಂಬಾ ಮುದ್ದು, ಯಾರಿಗೂ ತೊಂದರೆ ಕೊಡುವುದಿಲ್ಲ. ದಯವಿಟ್ಟು ಅವಕಾಶ ಕೊಡಿ."

ರಾಣೆಬೆನ್ನೂರು ಅಕ್ಕ · ಬುಧವಾರ ರಾತ್ರಿ

ತಂಗೀ, ಮುದ್ದು ಅಂತ ಎಲ್ಲರೂ ಬರೀತಾರೆ. ಅವರಿಗೆ ಬೇಕಾಗಿರೋದು ನಾಲ್ಕು ವಿಷಯ: ವಾಸನೆ ಬರ್ತದಾ, ನೆಲ ಕೆಡ್ತದಾ, ಪಕ್ಕದವರು ದೂರ್ತಾರಾ, ನೀನು ಊರಿಗೆ ಹೋದಾಗ ಯಾರು ನೋಡ್ತಾರೆ. ಅದನ್ನೇ ಬರಿ. "ನಾಲ್ಕು ವರ್ಷದ ಹೆಣ್ಣು ಬೆಕ್ಕು, ಆಪರೇಷನ್ ಆಗಿದೆ, ಚಿಪ್ ಮತ್ತು ಲಸಿಕೆ ಇದೆ, ಮನೆಯೊಳಗೇ ಇರುತ್ತದೆ. ಕೆರೆಯಲು ಬೇರೆ ಕಂಬ ಇಟ್ಟಿದ್ದೇನೆ. ನಷ್ಟ ವಿಮೆಯ ಪ್ರತಿ ಜೊತೆಗಿದೆ. ನಾನು ಊರಲ್ಲಿ ಇಲ್ಲದಾಗ ಇಂಥವರು ನೋಡಿಕೊಳ್ಳುತ್ತಾರೆ." ಒಂದು ಫೋಟೋ ಹಾಕು, ಸೋಫಾ ಮೇಲೆ ಮಲಗಿದ್ದು. ಪರದೆ ಹತ್ತಿದ್ದು ಬೇಡ. "ದಯವಿಟ್ಟು" ತೆಗೆದುಹಾಕು, ನೀನು ಬಾಡಿಗೆ ಕೊಡೋಳು.

ಹೂಂ ಅಂದರೆ ಅದನ್ನು ಕರಾರಿನಲ್ಲೇ ಬರೆಸಿಕೋ. ಬಾಯಿ ಮಾತಿನ ಮಾಲೀಕರು ಮನೆ ಮಾರಿದರೆ ಮುಂದಿನವರಿಗೆ ಏನು ತೋರಿಸ್ತೀಯ?

ಉಣಕಲ್ ಕೆರೆ ದಂಡೆ · ಬುಧವಾರ ರಾತ್ರಿ

ಅಕ್ಕ ಹೇಳಿದ್ದೇ ಸರಿ. ಮೊದಲ ಸಂದೇಶದಲ್ಲೇ ಬೆಕ್ಕಿನ ಕಥೆ ಪೂರ್ತಿ ಬೇಡ, ಒಂದು ಸಾಲು ಸಾಕು. ಮನೆ ನೋಡೋಕೆ ಕರೆದಾಗ ಉಳಿದದ್ದು ಹೇಳಿ.

ಮನೆ ನೋಡೋಕೆ ಹೋದಾಗ ಕಿಟಕಿಯನ್ನು ಕೈಯಿಂದ ತೆರೆದು ನೋಡಿ. ಇದು ನಮ್ಮ ಕಡೆಯವರಿಗೆ ಹೊಳೆಯೋದೇ ಇಲ್ಲ. ಇಲ್ಲಿಯ ಕಿಟಕಿ ಎರಡು ಥರ ತೆರೀತದೆ. ಹಿಡಿ ಅಡ್ಡ ತಿರುಗಿಸಿದರೆ ಬಾಗಿಲಿನ ಹಾಗೆ. ಪೂರ್ತಿ ಮೇಲಕ್ಕೆ ತಿರುಗಿಸಿದರೆ ಮೇಲಿನ ಅಂಚು ಮಾತ್ರ ಒಳಗೆ ವಾಲುತ್ತದೆ, ಗಾಳಿಗೆ ಅಂತ. ಹಾಗೆ ವಾಲಿದಾಗ ಪಕ್ಕದಲ್ಲಿ ಮೇಲೆ ಅಗಲ, ಕೆಳಗೆ ಕಿರಿದು ಆಗುವ ಸಂದು ಉಳಿಯುತ್ತದೆ. ಬೆಕ್ಕು ಮೇಲಿನಿಂದ ನುಸುಳೋಕೆ ಹೋಗಿ ಜಾರಿ, ಸೊಂಟ ಆ ಸಂದಿನಲ್ಲಿ ಸಿಕ್ಕಿಕೊಳ್ಳುತ್ತದೆ. ಒದ್ದಾಡಿದಷ್ಟೂ ಕೆಳಗೆ ಬಿಗಿಯಾಗುತ್ತದೆ. ಹಿಂಗಾಲು ಸ್ವಾಧೀನ ತಪ್ಪಿದ ಬೆಕ್ಕುಗಳು, ಸತ್ತ ಬೆಕ್ಕುಗಳು ಇಲ್ಲಿ ಎಲ್ಲ ಪಶುವೈದ್ಯರಿಗೂ ಗೊತ್ತು. ಕಂಬಿಯ ಕಿಟಕಿ ನೋಡಿ ಬೆಳೆದ ನಮಗೆ ಅದು ಅಪಾಯ ಅಂತಲೇ ಅನ್ನಿಸೋದಿಲ್ಲ. ಸಂದಿಗೆ ಹಾಕುವ ಜಾಲರಿ ಅಂಗಡಿಯಲ್ಲಿ ಸಿಗುತ್ತದೆ, ಮೊಳೆ ಹೊಡೆಯದೆ ಸಿಕ್ಕಿಸುವಂಥದ್ದು. ಬಾಲ್ಕನಿಗೆ ಬಲೆ ಕಟ್ಟಬೇಕಾದರೆ ಮಾಲೀಕರನ್ನು ಕೇಳಲೇಬೇಕು.

ಬೆಕ್ಕಿನ ಮರಳನ್ನು ಟಾಯ್ಲೆಟ್‌ಗೆ ಹಾಕಬೇಡಿ. ಪೈಪ್ ಕಟ್ಟಿದರೆ ಕೆಳಗಿನ ಮನೆಯವರಿಗೂ ಸೇರಿ ಬಿಲ್ ನಿಮಗೇ ಬರ್ತದೆ. ಚೀಲದಲ್ಲಿ ಕಟ್ಟಿ, ಮರುಬಳಕೆಗೆ ಬಾರದ ಕಸದ ಡಬ್ಬಿಗೆ ಹಾಕಿ.

ಊರಲ್ಲಿ ಕೂತೇ ಮನೆ ಹಿಡೀತೀನಿ ಅಂತ ಮಾತ್ರ ಹೋಗಬೇಡಿ. "ನಾನು ವಿದೇಶದಲ್ಲಿದ್ದೇನೆ, ಡಿಪಾಜಿಟ್ ಹಾಕಿ, ಕೀ ಕೊರಿಯರ್ ಮಾಡ್ತೀನಿ, ಬೆಕ್ಕು ಇದ್ದರೂ ಪರವಾಗಿಲ್ಲ" ಅಂತ ಯಾರಾದರೂ ಬರೆದರೆ ಅದು ಮೋಸವೇ. ಬೆಕ್ಕಿರುವವರು ಹತಾಶರಾಗಿರ್ತಾರೆ ಅಂತ ಅವರಿಗೂ ಗೊತ್ತು.

ಕೇಶ್ವಾಪುರ ಕಾಕಾ · ಗುರುವಾರ ಬೆಳಿಗ್ಗೆ

ಕಿಟಕಿ ವಿಷಯ ಓದಿ ಇನ್ನೂ ಹೆದರಿಕೆ ಆಯಿತು. ಒಂದು ಮಾತು ಕೇಳ್ತೀನಿ. ಫೆಬ್ರವರಿಯಲ್ಲಿ ನೀನು ಬರೋ ಹೊತ್ತಿಗೆ ಸುಬ್ಬಿ ಮಾವಶಿ ಮನೆಗೆ ಹೊಂದಿಕೊಂಡು, ಅಂಗಳದಲ್ಲಿ ಬಿಸಿಲು ಕಾಯಿಸುತ್ತಾ ಮಲಗಿದ್ದರೆ, ಆಗಲೂ ಎತ್ತಿಕೊಂಡು ಹೋಗ್ತೀಯೇನು?

ಮಾಳಮಡ್ಡಿ ಹುಡುಗಿ · ಗುರುವಾರ ಮಧ್ಯಾಹ್ನ

ಕಾಕಾ, ಅದಕ್ಕೆ ಈಗ ಉತ್ತರ ಇಲ್ಲ. ಮಾವಶಿಯೂ ಅದನ್ನೇ ಕೇಳಿದರು. ಚಿಪ್, ಲಸಿಕೆ, ರಕ್ತ ಪರೀಕ್ಷೆ ಎಲ್ಲ ಮಾಡಿಸಿಟ್ಟಿರ್ತೇನೆ. ಕಾಗದ ಇದ್ದರೆ ಎರಡೂ ದಾರಿ ತೆರೆದಿರ್ತದೆ, ಇಲ್ಲದಿದ್ದರೆ ಒಂದೇ. ಬೆಳಿಗ್ಗೆ ಚಿಪ್ ಆಯಿತು. ಸೂಜಿ ಕಂಡು ನಾನೇ ಕಣ್ಣು ಮುಚ್ಚಿಕೊಂಡೆ, ಸುಬ್ಬಿ ಮೇಜಿನ ಮೇಲೆ ಡಾಕ್ಟರ ಪೆನ್ನಿನ ಜೊತೆ ಆಡ್ತಾ ಇತ್ತು. ಸ್ಕ್ಯಾನರ್‌ನಲ್ಲಿ ನಂಬರ್ ಬಂದ ಮೇಲೆ ಲಸಿಕೆ. ಎರಡೂ ಸ್ಟಿಕರ್ ಅಂಟಿಸಿಕೊಂಡು ಬಂದಿದ್ದೇನೆ.

ಲಕ್ಷ್ಮೇಶ್ವರ ಎಕ್ಸ್‌ಪ್ರೆಸ್ · ಗುರುವಾರ ರಾತ್ರಿ

ನಡುವೆ ಬಾಯಿ ಹಾಕ್ತೀನಿ. ನನ್ನ ತಮ್ಮ ಐರ್ಲೆಂಡ್‌ಗೆ ಹೊರಟಿದ್ದಾನೆ, ಅವನ ಹತ್ತಿರ ನಾಯಿ ಇದೆ. ಮುಧೋಳ. ಇದೇ ನಿಯಮಾನಾ?

ಗದಗಿನ ಪಶುವೈದ್ಯ · ಶುಕ್ರವಾರ ಬೆಳಿಗ್ಗೆ

ಚಿಪ್, ಲಸಿಕೆ, ಟೈಟರ್, ಮೂರು ತಿಂಗಳು ಎಲ್ಲ ಇದೇ. ಮೇಲೆ ನಾಯಿಗೆ ಲಾಡಿಹುಳದ ಔಷಧಿ ಬೇರೆ ಬೇಕು. ಐರ್ಲೆಂಡ್ ಮುಟ್ಟುವ 24ರಿಂದ 120 ಗಂಟೆ ಮೊದಲು ವೈದ್ಯರೇ ಕೊಟ್ಟು, ಹೊತ್ತು ಸಮೇತ ಬರೆಯಬೇಕು. ಮುಧೋಳ ನಾಯಿ ದೊಡ್ಡದು, ಕ್ಯಾಬಿನ್ ಆಸೆ ಬೇಡ. ನಿಮ್ಮ ತಮ್ಮ ಯಾವ ತಿಂಗಳು ಹೊರಡ್ತಾರೆ ಅನ್ನೋದನ್ನು ಹಾಕಿ ಬೇರೆ ಚರ್ಚೆ ಶುರು ಮಾಡಿ, ಇಲ್ಲಿ ಬೆಕ್ಕಿನವರು ಕಳೆದುಹೋಗ್ತಾರೆ.